ಬಾರದ ವ್ಯಾನಿನ ಹಾರನ್

ದೆವ್ವ, ಗಾಳಿ, ಶಕುನ ಎಂದು ಯಾರಾದರೂ ಬಾಯಿ ತೆರೆದರೆ ನಾನು ಎದ್ದು ಹೋಗುವವಳು. ಹೆರಿಗೆ ಮಾಡಿಸುವ ನರ್ಸು ನಾನು. ಅಂಥ ಮಾತು ಕೇಳುವಷ್ಟು ಪುರುಸೊತ್ತೂ ನನಗಿರಲಿಲ್ಲ. ಈಗ ಬರೆಯುತ್ತಿರುವುದನ್ನು ನೀವು ನಂಬಲೇಬೇಕೆಂಬ ಹಟವೂ ಇಲ್ಲ. ಇದನ್ನು ನೆನೆದಾಗ ನನಗೆ ಹೆದರಿಕೆಗಿಂತ ಮೊದಲು ಬರುವುದು ಸಿಟ್ಟು.

ಐವತ್ತರ ದಶಕದ ಮಾತು. ಚಾಮರಾಜನಗರದ ಒಂದು ಧರ್ಮಸಂಸ್ಥೆಯವರು ಹಳ್ಳಿಗಳಿಗೆ ಔಷಧ ಮುಟ್ಟಿಸಲು ವ್ಯಾನು ಇಟ್ಟಿದ್ದರು. ಅದರ ಜೊತೆ ಹೋಗುತ್ತಿದ್ದವಳು ನಾನು. ಉಡಿಗಾಲ, ಹರವೆ, ಆಚೆಗೆ ಗುಂಡ್ಲುಪೇಟೆ ದಾಟಿ ಮದ್ದೂರಿನ ಕಾಡಂಚಿನವರೆಗೂ ಅದು ಹೋಗುತ್ತಿತ್ತು. ಅದರ ಹಾರನ್ನಿನ ರಬ್ಬರ್ ಬುರುಡೆ ಸೀಳು ಬಿಟ್ಟು, ನೆಗಡಿಯಾದವರ ದನಿ ಬರುತ್ತಿತ್ತು. ಆ ಸದ್ದು ಕೇಳಿದರೆ ಸಾಕು, ಜನ ಮಕ್ಕಳನ್ನು ಎತ್ತಿಕೊಂಡು ರಸ್ತೆಗೆ ಬರುತ್ತಿದ್ದರು. ಅವರ ಬಾಯಲ್ಲಿ ಅದು ಧರ್ಮದ ಗಾಡಿ.

ಮದ್ದೂರಿನ ಕಡೆಯ ಹಳ್ಳಿಯೊಂದರಲ್ಲಿ ಮಾದೇವಿ ಎಂಬ ಕೂಲಿ ಹೆಂಗಸಿಗೆ ದಿನ ತುಂಬಿತ್ತು. ಹೊಟ್ಟೆಯ ಮೇಲೆ ಕೈಯಿಟ್ಟಾಗಲೇ ಮಗು ಅಡ್ಡ ಇದೆ ಎಂದು ತಿಳಿಯಿತು. ನೋವಿನ್ನೂ ಬಂದಿರಲಿಲ್ಲ, ವ್ಯಾನು ಅವತ್ತು ಇನ್ನೂ ಹಳ್ಳಿಗಳನ್ನು ಸುತ್ತಬೇಕಿತ್ತು. ನಾಳೆ ತಪ್ಪದೆ ವ್ಯಾನು ಕಳಿಸಿ, ಇವಳನ್ನು ಗುಂಡ್ಲುಪೇಟೆ ಆಸ್ಪತ್ರೆಗೆ ಸೇರಿಸದಿದ್ದರೆ ಎರಡು ಜೀವ ಹೋಗುತ್ತವೆ ಎಂದು ಡ್ರೈವರನ ಕೈಲಿ ಸಂಸ್ಥೆಯ ಕಾರ್ಯದರ್ಶಿಗಳಿಗೆ ಹೇಳಿಕಳಿಸಿ, ನಾನು ಅಲ್ಲೇ ಉಳಿದೆ. ಮರುದಿನ ಬೆಳಿಗ್ಗೆಯೇ ನೋವು ಶುರುವಾಯಿತು. ಮಧ್ಯಾಹ್ನವಾಯಿತು, ಹೊತ್ತು ಇಳಿಯಿತು. ವ್ಯಾನಿಲ್ಲ.

ರಸ್ತೆಗಾದರೂ ಹೊತ್ತು ತಂದರೆ ಕೇರಳದ ಕಡೆಯಿಂದ ಬರುವ ಯಾವುದಾದರೂ ಲಾರಿ ಸಿಕ್ಕೀತು ಎಂದೆ. ಮಾದೇವಿಯ ಅತ್ತೆ ಸಿದ್ದಮ್ಮ ಬಾಗಿಲಿಗೆ ಅಡ್ಡ ಕೂತುಬಿಟ್ಟಳು. ನೋವು ಕಾಣಿಸಿಕೊಂಡವಳು ಮುಸ್ಸಂಜೆಯಲ್ಲಿ ಹೊಸಿಲು ದಾಟಬಾರದು ಎಂಬುದು ಅವರ ಕಟ್ಟಳೆ.

“ಬಸುರಿ ಎಂಗುಸ್ನ ಬೀದೀಲಿ ಮಲುಗ್ಸಕಾಯ್ತದಾ? ನಿಮ್ಮ ಧರ್ಮದ ಗಾಡಿ ಬರ್ಲಿ, ಕಳುಸ್ತೀನಿ. ಅದು ಬಂದ್ರೆ ದೇವ್ರೇ ಬಂದಂಗೆ ಕಣವ್ವ.”

ಕಾಲು ಹಿಡಿದೆ, ಬೈದೆ. ಅವಳು ಜಗ್ಗಲಿಲ್ಲ. ಒಳಗೆ ಮಾದೇವಿಯ ಕೂಗು ನರಳಾಟಕ್ಕೆ ಇಳಿದಿತ್ತು. ಆ ಮುದುಕಿಯನ್ನು ಎಳೆದು ಬಿಸಾಕುವಷ್ಟು ಸಿಟ್ಟು ನನಗೆ.

ಆಗ ಹಾರನ್ ಕೇಳಿಸಿತು. ರಸ್ತೆಯ ಕಡೆಯಿಂದ, ಅದೇ ನೆಗಡಿಯ ದನಿ. ನಾನೊಬ್ಬಳೇ ಕೇಳಿದ್ದರೆ ಭ್ರಮೆ ಎಂದುಕೊಳ್ಳುತ್ತಿದ್ದೆ. ನನಗಿಂತ ಮೊದಲು ಎದ್ದವಳು ಸಿದ್ದಮ್ಮ.

“ಬಂತು ಕಣವ್ವ! ಏಳ್ರುಲಾ, ಮಂಚ ಎತ್ರುಲಾ, ಬಿರ್ನೆ ಓಗನ!”

ಗಂಡಸರು ಹಗ್ಗದ ಮಂಚ ಹೊತ್ತು ಓಡಿದರು. ರಸ್ತೆಯಲ್ಲಿ ವ್ಯಾನಿರಲಿಲ್ಲ. ಧೂಳೂ ಎದ್ದಿರಲಿಲ್ಲ. ಸಿದ್ದಮ್ಮ ನನ್ನ ಮುಖ ನೋಡಿದಳು. ಮಂಚವನ್ನು ಮನೆಗೆ ತಿರುಗಿಸಬೇಕೆನ್ನುವಷ್ಟರಲ್ಲಿ ತಿರುವಿನಲ್ಲಿ ಮರದ ದಿಮ್ಮಿ ತುಂಬಿದ ಲಾರಿಯೊಂದು ಬಂತು. ಮಲಯಾಳಿ ಡ್ರೈವರು ಏನೂ ಕೇಳದೆ “ವೇಗಂ, ವೇಗಂ” ಎಂದು ಇಳಿದು ಬಂದು ಮಂಚಕ್ಕೆ ಕೈಕೊಟ್ಟ. ಅವನ ಹಾರನ್ನನ್ನು ದಾರಿಯುದ್ದಕ್ಕೂ ಕೇಳಿದೆ. ಅದರ ಸದ್ದೇ ಬೇರೆ. ಆಸ್ಪತ್ರೆಯಲ್ಲಿ ತಾಯಿ ಮಗು ಇಬ್ಬರೂ ಉಳಿದರು.

ವ್ಯಾನು ಎಲ್ಲಿತ್ತು ಎಂಬುದು ಆಮೇಲೆ ತಿಳಿಯಿತು. ಕಾರ್ಯದರ್ಶಿಗಳು ತಮ್ಮ ಬೀಗರನ್ನು ಅದರಲ್ಲಿ ಕೂರಿಸಿಕೊಂಡು ಹರವೆಯ ಕಡೆ ಮದುವೆಗೆ ಹೋಗಿದ್ದರು. ನಮ್ಮ ಡ್ರೈವರನೇ ತಲೆ ತಗ್ಗಿಸಿ ಹೇಳಿದ: “ಕತ್ಲಾಗೋಗಂಟ ಚಪ್ಪರದ ಮುಂದೇನೆ ನಿಂತಿತ್ತು ಕಣಮ್ಮ. ಔಷ್ದಿ ಪೆಟ್ಗೆ ಇಳುಸ್ಬುಟ್ಟು ಅಣ್ಣುಕಾಯಿ ಬುಟ್ಟಿ ಏರುಸ್ದೆ.” ನನ್ನ ಮೈಯೆಲ್ಲ ಉರಿದುಹೋಯಿತು. ಇವತ್ತಿಗೂ ಉರಿಯುತ್ತದೆ.

ಅಷ್ಟಕ್ಕೇ ಮುಗಿಯಲಿಲ್ಲ. ಸಂಸ್ಥೆಯ ವಾರ್ಷಿಕ ಸಭೆಗೆ ಸಿದ್ದಮ್ಮನನ್ನು ಕರೆಸಿ ಮುಂದೆ ಕೂರಿಸಿದರು. ಕಾಡಂಚಿನ ಬಡ ಬಸುರಿಯೊಬ್ಬಳನ್ನು ನಮ್ಮ ವ್ಯಾನು ಸಕಾಲಕ್ಕೆ ಹೋಗಿ ಉಳಿಸಿತು ಎಂದು ಕಾರ್ಯದರ್ಶಿಗಳು ಶಾಲು ಸರಿಮಾಡಿಕೊಳ್ಳುತ್ತ ಭಾಷಣ ಮಾಡಿದರು. ನಾನು ಎದ್ದು ನಿಂತು, “ಸುಳ್ಳು! ವ್ಯಾನು ಬರಲೇ ಇಲ್ಲ” ಎಂದು ಕೂಗಿದೆ. ಕಾರ್ಯದರ್ಶಿಗಳು ಸಿದ್ದಮ್ಮನ ಕಡೆ ತಿರುಗಿದರು.

“ಬಂದಿತ್ತು ಬುದ್ಧಿ,” ಎಂದಳು ಅವಳು. ಆಮೇಲೆ ನನ್ನನ್ನೇ ನೋಡಿ, “ಅದ್ರ ಸದ್ದ ನೀನೂವೆ ಕೇಳ್ನಿಲ್ವಾ ನರ್ಸವ್ವ?” ಎಂದಳು.

ಇಲ್ಲ ಎಂದಿದ್ದರೆ ಆ ಮನುಷ್ಯನಿಗೆ ಅಲ್ಲೇ ಮಂಗಳಾರತಿ ಆಗುತ್ತಿತ್ತು. ಆದರೆ ಕೇಳಿದ್ದೆ. ಆ ಹಾರನ್ ಬಾರಿಸಿದವರು ಯಾರೋ ಇವತ್ತಿಗೂ ಗೊತ್ತಿಲ್ಲ. ಕೂತುಬಿಟ್ಟೆ. ಸಭೆ ಕಾರ್ಯದರ್ಶಿಗಳಿಗೆ ಚಪ್ಪಾಳೆ ತಟ್ಟಿತು.