ಇಳಕಲ್ಲಿಗೆ ಬಂದು ಸಣ್ಣಗಾದ ದನಿ

ನಮ್ಮ ಮನೆಯವರ ದನಿ ಹೋದ ಮೇಲೆ ನಮ್ಮ ಮನೆಗೆ ಕಂಪ್ಯೂಟರ್ ಬಂತು. ಗಂಟಲಲ್ಲಿ ಗಂಟಾಗಿ, ಬಾಗಲಕೋಟೆಯ ದವಾಖಾನೆಯಲ್ಲಿ ಆಪರೇಷನ್ ಮಾಡಿದರು. ಜೀವ ಉಳಿಯಿತು, ಮಾತು ಉಳಿಯಲಿಲ್ಲ. ಡಾಕ್ಟರು ಮೊದಲೇ ಹೇಳಿದ್ದರು. ನಾನು ತಾಯಿ ಬನಶಂಕರಿಯ ಮುಂದೆ ಸೆರಗೊಡ್ಡಿ ಜೀವವನ್ನಷ್ಟೇ ಬೇಡಿಕೊಂಡಿದ್ದೆ. ಬೇಡಿದ್ದನ್ನು ಆಕೆ ಕೊಟ್ಟಳು. ಬೇಡದೆ ಬಿಟ್ಟದ್ದಕ್ಕೆ ಆಕೆಯನ್ನು ದೂರುವುದು ಹೇಗೆ?

ಮಗಳ ಮದುವೆಯಾಗಿ ಅವಳು ಬಾದಾಮಿ ಸೇರಿದ್ದಳು. ಮನೆಯಲ್ಲಿ ಉಳಿದವರು ನಾವಿಬ್ಬರು, ಮಾತು ನನ್ನೊಬ್ಬಳದು. ಇವರಿಗೆ ಏನಾದರೂ ಬೇಕಾದರೆ ಚಪ್ಪಾಳೆ ತಟ್ಟುತ್ತಿದ್ದರು. "ರೊಟ್ಟಿ ಹಾಕ್ಲೇನ್ರಿ? ಇವತ್ತ ಬಿಸಲ ಭಾಳ ಐತಿ, ಹೊರಗ ಹೋಗಬ್ಯಾಡ್ರಿ. ಹೂಂ, ಹೋಗಂಗಿಲ್ಲ" ಎಂದು ನಾನೇ ಕೇಳಿ ನಾನೇ ಉತ್ತರ ಹೇಳಿಕೊಳ್ಳುತ್ತಿದ್ದೆ. ಇವರು ನೇಯುತ್ತಿದ್ದ ಕುಣಿ ಮಗ್ಗವನ್ನು ಬಿಚ್ಚಿಟ್ಟಿದ್ದೆವು. ಗೋಡೆಯಾಚೆ ಮೈದುನನ ಪಾಲಿನ ಮನೆ, ಅಲ್ಲಿ ಅವನ ಮಷಿನ್ ಮಗ್ಗಗಳು. ಅತ್ತ ಮನೆ ತುಂಬ ಕೆಲಸ, ಇತ್ತ ನಾವು.

ಇವರು ಭಜನಾ ಮೇಳದಲ್ಲಿ ಹಾಡುತ್ತಿದ್ದವರು. ಒಂದು ಶ್ರಾವಣ ಸೋಮವಾರ ನಮ್ಮ ಮನೆಯಲ್ಲೇ ಭಜನೆ ಇತ್ತು. ಮೇಳದವರು ಯಾರೋ ಟೇಪ್ ರೆಕಾರ್ಡರ್ ತಂದು ಇವರ ಎರಡು ಪದ ತುಂಬಿಕೊಂಡು, ಕ್ಯಾಸೆಟ್ಟನ್ನು ನಮಗೇ ಕೊಟ್ಟು ಹೋದರು. ನಾನು ಆಗ ಒಳಗೆ ಪ್ರಸಾದದ ಉಸುಳಿ ಮಾಡುತ್ತಿದ್ದೆ. ಒಗ್ಗರಣೆಯ ಚಟಪಟದಲ್ಲಿ ಪದದ ಕಡೆ ಲಕ್ಷ್ಯವೇ ಇರಲಿಲ್ಲ. ದಿನಾ ಇರುವ ದನಿ, ಎಲ್ಲಿ ಹೋಗುತ್ತದೆ ಅನ್ನುವ ಧೈರ್ಯ.

ಆಪರೇಷನ್ ಆದ ಮೇಲೆ ಆ ಕ್ಯಾಸೆಟ್ಟೇ ನನಗೆ ದೇವರಾಯಿತು. ಹಾಕಿ ಹಾಕಿ ಸವೆಯಿತು. ರೀಲು ಸಿಕ್ಕಿಕೊಂಡಾಗ ಪೆನ್ಸಿಲ್ ತಿರುವಿ ಸುತ್ತುತ್ತಿದ್ದೆ. ಕೊನೆಗೆ ಅದರಲ್ಲಿ ಪದಕ್ಕಿಂತ ಗರಗರವೇ ಹೆಚ್ಚಾಯಿತು. ಮಗಳು, "ಅವ್ವಾ, ಪೂರ್ತಿ ಹಾಳಾಗೋದ್ರಾಗ ಸಿ.ಡಿ. ಮಾಡ್ಸೂಣು" ಎಂದು ಬಾಗಲಕೋಟೆಗೆ ಕರೆದುಕೊಂಡು ಹೋದಳು.

ಅಂಗಡಿಯವನು ಗರಗರವನ್ನಷ್ಟು ತೆಗೆದು, ತನ್ನ ಕಂಪ್ಯೂಟರಿನಲ್ಲಿ ಪದದ ಮೊದಲ ಸಾಲು ಹಚ್ಚಿ ತೋರಿಸಿದ. ಮೊಣಕಾಲೆತ್ತರದ ಎರಡು ಸ್ಪೀಕರ್ ಇದ್ದವು. ಇವರ ದನಿ ಬಾಗಿಲ ಗಾಜನ್ನು ನಡುಗಿಸಿತು. ಪರರ ನಡುವೆ ಇವರೇ ಎದುರಿಗೆ ಬಂದು ನಿಂತಂತಾಗಿ ನಾನು ಗಡಬಡಿಸಿ ತಲೆಯ ಮೇಲೆ ಸೆರಗು ಎಳೆದುಕೊಂಡೆ.

"ಅಮ್ಮಾರ, ಅಳಬ್ಯಾಡ್ರಿ. ಇನ್ನ ಇದು ಎಲ್ಲೂ ಹೋಗಂಗಿಲ್ಲ" ಎಂದ ಅಂಗಡಿಯವನು.

ಅಲ್ಲಿಂದ ಬಾದಾಮಿಗೆ ಹೋದೆವು. ಅಳಿಯ ಸಾಲಿ ಮಾಸ್ತರು, ಅವರ ಮನೆಯಲ್ಲಿ ಕಂಪ್ಯೂಟರ್ ಇತ್ತು. ಅದರಲ್ಲಿ ದನಿ ಅಂಗಡಿಯಷ್ಟು ಜೋರಾಗಿರಲಿಲ್ಲ, ಆದರೆ ಉಸಿರು ಎಳೆದದ್ದೂ ಕೇಳುವಷ್ಟು ಸ್ವಚ್ಛವಾಗಿತ್ತು. ಒಂದು ಪದ ಮುಗಿಯುವಷ್ಟರಲ್ಲಿ ಕರೆಂಟು ಹೋಯಿತು. ಮುಂದೆ ಅಳಿಯ ಹೊಸ ಕಂಪ್ಯೂಟರ್ ಕೊಂಡಾಗ, ಆ ಹಳೆಯದನ್ನು ಸ್ಪೀಕರ್ ಸಮೇತ ಟೆಂಪೋದಲ್ಲಿ ತಂದು ಇಳಕಲ್ಲಿನ ನಮ್ಮ ನಡುಮನೆಯಲ್ಲಿ ಕೂಡಿಸಿ ಕೊಟ್ಟರು. ಹಚ್ಚುವುದು, ಆರಿಸುವುದು, ದನಿ ಏರಿಸುವುದು, ಮೂರನ್ನು ಕಲಿಸಿ ಬಸ್ಸು ಹಿಡಿದರು.

ಅವರು ಹೋದ ಮೇಲೆ ಕೈಕಾಲು ತೊಳೆದು, ದೀಪ ಹಚ್ಚಿ, ಸಿ.ಡಿ. ಹಾಕಿದೆ. ಇವರ ದನಿ ಬಾವಿಯ ತಳದಿಂದ ಬಂದಂತೆ ಬಂತು. ಏರಿಸಿದೆ. ಪೂರ್ತಿ ಏರಿಸಿದರೂ ಅಷ್ಟೇ. ಪದದ ಏರು ಸಾಲುಗಳು ಮಾತ್ರ ಕೇಳಿದವು, ಇಳಿಯುವ ಸಾಲು ಎಲ್ಲೋ ಮುಳುಗುತ್ತಿತ್ತು. ಇವರು ಎದ್ದು ಹೋಗಿ ಹೊರಗಿನ ಕಟ್ಟೆಯ ಮೇಲೆ ಕೂತರು.

ಮಗಳಿಗೆ ಫೋನ್ ಮಾಡಿದೆ.

"ನಿಮ್ಮಪ್ಪನ ದನಿ ಸಣ್ಣ ಆಗೇತಿ ನೋಡವಾ."

"ಅವ್ವಾ, ಯಾಕ ಒದರ್ತೀ? ನನಗ ಕಿವಿ ಅದಾವ."

"ಒದರಾಕತ್ತಿಲ್ಲ, ಮಾತಾಡಾಕತ್ತೇನಿ."

"ನೀ ಮಾತಾಡಿದ್ರ ಇಲ್ಲಿ ಬಾಜೂ ಮನಿಯವರು ಬಾಗಲಾ ತಗೀತಾರ" ಎಂದು ನಕ್ಕು ಫೋನನ್ನು ಗಂಡನ ಕೈಗೆ ಕೊಟ್ಟಳು.

"ಅತ್ತೆವ್ವಾರ, ಆ ಅಂಗಡ್ಯಾಗ ಸ್ಪೀಕರ್ ದೊಡ್ಡವು ಅದಾವ್ರಿ" ಎಂದರು ಅಳಿಯ. "ಒಂದೊಂದ ಕಂಪ್ಯೂಟರ್ ಒಂದೊಂದ ನಮೂನಿ ಕೇಳಸ್ತದ. ಸಿ.ಡಿ. ಸವಿಯಂಗಿಲ್ರಿ."

"ನೀವು ಹೇಳೂದು ಖರೆ ಇರಬೇಕ್ರಿ. ಆದ್ರ ನಿಮ್ಮ ಮನ್ಯಾಗ ಕೇಳಿದ್ದೂ ಇದ ಡಬ್ಬಿ, ಇವ ಸ್ಪೀಕರ್ ಅಲ್ರಿ?"

ಅವರಿಗೂ ತಿಳಿಯಲಿಲ್ಲ. ಮುಂದಿನ ಸಲ ಬಂದಾಗ ನೋಡುತ್ತೇನೆ ಎಂದರು.

ನನಗೆ ಮಾತ್ರ ತಿಳಿದಂತಾಯಿತು. ಬಾಗಲಕೋಟೆಯಲ್ಲಿ ಗಾಜು ನಡುಗಿಸಿದ ದನಿ ಬಾದಾಮಿಯಲ್ಲಿ ಸಾದಾ ಆಯಿತು, ಇಳಕಲ್ಲಿಗೆ ಬರುವಷ್ಟರಲ್ಲಿ ಬಾವಿಗೆ ಬಿತ್ತು. ಒಗೆದಂತೆಲ್ಲ ಸೀರೆಯ ಗಂಜಿ ಬಿಟ್ಟು ಹೋಗುವಂತೆ, ಹಚ್ಚಿದಂತೆಲ್ಲ ದನಿ ಬಿಟ್ಟು ಹೋಗುತ್ತಿದೆ. ಕ್ಯಾಸೆಟ್ಟು ಸವೆಯಲಿಲ್ಲವೇ, ಹಾಗೆ. ದಿನಾ ಕೇಳಿದರೆ ಇದೂ ಮುಗಿದೇ ಹೋಗುತ್ತದೆ ಎಂದು ಹೆದರಿ, ಇನ್ನು ಸೋಮವಾರ ಪೂಜೆಯಾದ ಮೇಲೆ ಒಂದೇ ಪದ ಎಂದು ನೇಮ ಮಾಡಿಕೊಂಡೆ. ಉಳಿದ ದಿನ ಕಂಪ್ಯೂಟರಿಗೆ ಹಳೆಯ ಸೀರೆಯ ತುಂಡು ಹೊದಿಸಿಡುತ್ತಿದ್ದೆ. ಅದರ ಮುಂದೆ ಹಾದುಹೋಗುವಾಗ ಕೈ ತಾನೇ ಚಾಚುತ್ತಿತ್ತು, ತಡೆದುಕೊಳ್ಳುತ್ತಿದ್ದೆ. ಉಪವಾಸ ನನಗೆ ಹೊಸದಲ್ಲ, ಆದರೆ ಈ ಉಪವಾಸ ಕಠಿಣವಿತ್ತು. ಸೋಮವಾರ ಹಚ್ಚಿದಾಗಲೂ ಇವರು ಕಟ್ಟೆಗೆ ಹೋಗಿ ಕೂಡುತ್ತಿದ್ದರು. ತಮ್ಮ ದನಿ ಎರಡನೆಯ ಸಲ ಹೋಗುವುದನ್ನು ಯಾರು ತಾನೆ ಕೂತು ಕೇಳಿಯಾರು?

ಹೀಗಿರುವಾಗ ಒಂದು ಸೋಮವಾರ ಅಮಾವಾಸ್ಯೆ ಕೂಡಿ ಬಂತು. ಸೋಮವತಿ ಅಮಾವಾಸ್ಯೆ ಎಂದು ಪೂಜೆ ದೊಡ್ಡದಾಗಿಯೇ ಆಯಿತು. ಹೋಳಿಗೆ ನೈವೇದ್ಯ ಮಾಡಿ, ಎಂದಿನಂತೆ ಸಿ.ಡಿ. ಹಾಕಿ ಗುಂಡಿ ಒತ್ತಿದೆ.

ಇವರ ದನಿ ಮನೆ ತುಂಬಿತು. ತಾಳದ ಕಿಣಿಕಿಣಿ, ಉಸಿರು, ಇಳಿಯುವ ಸಾಲು, ಎಲ್ಲ ಇತ್ತು. ಒಂದೇ ಪದ ಅನ್ನುವ ನೇಮ ಮರೆತೇ ಹೋಯಿತು. ಅದು ತಾನೇ ಎರಡನೆಯ ಪದಕ್ಕೆ ಹೋಯಿತು. ಅದೂ ಮುಗಿದ ಮೇಲೆ, ಕ್ಯಾಸೆಟ್ಟಿನ ಕಾಲದಲ್ಲೂ ನಾನು ಕೇಳದ ಮಾತುಗಳು ಬಂದವು. ಮೇಳದವರಲ್ಲಿ ಯಾರೋ ಅಂದರು:

"ಎಷ್ಟ ಜೋರ ಹಾಡ್ತೀಲೇ ಮಾರಾಯಾ, ದೇವರಿಗೇನು ಕಿವುಡ ಐತೇನು?"

ಅದಕ್ಕೆ ಇವರ ದನಿ: "ದೇವರಿಗಲ್ಲಲೇ. ನಮ್ಮಾಕಿ ಒಳಗ ಒಲಿ ಮುಂದ ಕುಂತಾಳ. ಅಲ್ಲೀ ತನಕ ಮುಟ್ಟಬೇಕಲ್ಲ."

ಎಲ್ಲರೂ ನಕ್ಕರು. ಅಲ್ಲಿಗೆ ಮುಗಿಯಿತು.

ಇಷ್ಟು ವರ್ಷದ ಸಂಸಾರದಲ್ಲಿ ಇವರು ನನ್ನ ಎದುರಿಗೆ ಇಂಥ ಮಾತು ಆಡಿದವರಲ್ಲ. ನಾನೂ ಕೇಳಿದವಳಲ್ಲ. ತಿರುಗಿ ನೋಡಿದರೆ ಇವರು ಕಟ್ಟೆಯಿಂದೆದ್ದು ಬಂದು ಹೊಸ್ತಿಲ ಮೇಲೆ ನಿಂತಿದ್ದರು.

"ಇವತ್ತ ಹ್ಯಾಂಗ್ರಿ ಇಷ್ಟ ಜೋರ ಕೇಳ್ತು?" ಎಂದೆ.

ಇವರು ಮೈದುನನ ಕಡೆಯ ಗೋಡೆಗೆ ಕೈ ಮಾಡಿದರು. ಮಗ್ಗದ ಲಾಳಿ ಅತ್ತಿತ್ತ ಓಡುವಂತೆ ಬೆರಳಾಡಿಸಿ, ಆಮೇಲೆ ಅಂಗೈ ಬಿಚ್ಚಿ ತೋರಿಸಿದರು. ಆಗ ನಾನು ಗೋಡೆಗೆ ಕಿವಿಗೊಟ್ಟೆ. ಏನೂ ಇಲ್ಲ. ಅಮಾವಾಸ್ಯೆ ದಿನ ಮಗ್ಗಕ್ಕೆ ಪೂಜೆ, ನೇಯುವುದಿಲ್ಲ. ಇಡೀ ಓಣಿಯ ಮಗ್ಗಗಳು ನಿಂತಿದ್ದವು.

ನೇಕಾರರ ಮನೆಯಲ್ಲಿ ಹುಟ್ಟಿ ನೇಕಾರರ ಮನೆಗೇ ಬಂದವಳು ನಾನು. ಮಗ್ಗದ ಸದ್ದು ನನಗೆ ಸದ್ದೇ ಅಲ್ಲ, ಅದೇ ನಿಶ್ಶಬ್ದ. ಮಗಳು ಯಾಕೆ ಒದರುತ್ತೀ ಅಂದದ್ದು ಆಗ ಅರ್ಥವಾಯಿತು. ಕರೆಂಟು ಹೋದಾಗ ಮಗ್ಗಗಳು ನಿಲ್ಲುತ್ತವೆ, ಆದರೆ ಆಗ ಕಂಪ್ಯೂಟರೂ ನಿಲ್ಲುತ್ತದೆ. ಹಗಲೂ ರಾತ್ರಿಯೂ ಓಡುವ ಮಗ್ಗ ನಿಂತು ಕರೆಂಟು ಇರುವುದು ಅಮಾವಾಸ್ಯೆ ಒಂದೇ ದಿನ.

ದನಿ ಸವೆದಿರಲಿಲ್ಲ. ತಾಯಿಗೆ ಇನ್ನೊಮ್ಮೆ ಕೈಮುಗಿದೆ. ಇವರು ಮಂಚದ ಮೇಲೆ ಕೂತು, ಬೆರಳು ಸುತ್ತಿಸಿ ಇನ್ನೊಮ್ಮೆ ಹಚ್ಚು ಎಂದು ಸನ್ನೆ ಮಾಡಿದರು. ಹಚ್ಚಿದೆ. ಇವರ ಕೈ ಮಂಚದ ಪಟ್ಟಿಯ ಮೇಲೆ ತಾಳ ಹಾಕುತ್ತಿತ್ತು.

ಮರುದಿನ ಬೆಳಿಗ್ಗೆ ಗೋಡೆಯಾಚೆ ಮಗ್ಗ ಶುರುವಾದವು. ಈಗ ಆ ಸದ್ದು ನನಗೆ ಕೇಳಿಸುತ್ತದೆ, ಅದೂ ಒಂದು ಕಷ್ಟವೇ. ಮೈದುನನ ಅನ್ನದ ದಾರಿ ಅದು, ನಿಲ್ಲಿಸು ಅನ್ನಲು ಬಾಯಿ ಬರುವುದಿಲ್ಲ. ದಿನಗಳು ಮೊದಲಿನಂತೆಯೇ, ಕೇಳುವವಳೂ ನಾನೇ, ಉತ್ತರ ಹೇಳುವವಳೂ ನಾನೇ.

ಊರಲ್ಲಿ ಅಮಾವಾಸ್ಯೆಯ ದಿನ ಹೊಸ ಕೆಲಸ ಹಿಡಿಯುವುದಿಲ್ಲ, ಪ್ರಯಾಣ ಹೊರಡುವುದಿಲ್ಲ. ನಾನು ಆ ದಿನದ ದಾರಿ ಕಾಯುತ್ತೇನೆ. ಪೂಜೆಯಾದ ಮೇಲೆ ಕಂಪ್ಯೂಟರಿನ ಗುಂಡಿಯನ್ನು ಈಗ ಇವರೇ ಒತ್ತುತ್ತಾರೆ. ನಾನು ಅಲ್ಲಿ ನಿಲ್ಲುವುದಿಲ್ಲ. ಒಳಗೆ ಹೋಗಿ ಒಲೆಯ ಮುಂದೆ ಕೂಡುತ್ತೇನೆ. ಅಲ್ಲಿಯ ತನಕ ಮುಟ್ಟುತ್ತದೆ.