ಗಡ್ಡ ಅಂದಿದ್ದೆ

ಹೂವಿನ ಹುಚ್ಚು ನನಗೆ ಮೊದಲಿನಿಂದಲೂ ಇತ್ತು. ಮದುವೆಯಾಗಿ ಹಿಂದೂಪುರಕ್ಕೆ ಬಂದ ಮೇಲೆ ಹಿತ್ತಿಲಲ್ಲಿ ಕನಕಾಂಬರ, ಸುಗಂಧರಾಜ ಎಲ್ಲ ಹಾಕಿದೆ. ಅಷ್ಟಕ್ಕೆ ಸುಮ್ಮನಿರಬಾರದೇ? ಗೌರಿ ಹೂವೂ ಬೇಕೆಂದು ಹಟ ಹಿಡಿದೆ. ತುದಿಗೆ ಕೆಂಪು, ಬುಡಕ್ಕೆ ಹಳದಿ, ಉರಿಯಂತೆ ಮೇಲೆ ಚಾಚುವ ಎಸಳು. ಕಲ್ಯಾಣದುರ್ಗದಲ್ಲಿದ್ದ ನನ್ನಕ್ಕನ ಬೇಲಿಯಲ್ಲಿ ಅದು ಪ್ರತಿ ಮಳೆಗಾಲ ತಾನಾಗಿ ಹಬ್ಬುತ್ತಿತ್ತು.

ಎಂಬತ್ತರ ದಶಕದ ಒಂದು ಸಂಕ್ರಾಂತಿಗೆ ಎರಡು ದಿನ ಮುಂಚೆ, ಪರಿಚಯದವರ ಕೈಲಿ ಅಕ್ಕ ಅದರ ಆರು ಗೆಡ್ಡೆ ಕಳಿಸಿದಳು. ಬಳ್ಳಿ ಒಣಗಿದ ಮೇಲೆ ಅಗೆದು, ಮಣ್ಣು ಕೊಡವಿ, ಬೂದಿ ಸವರಿದ್ದಳು. ಜೊತೆಗೊಂದು ಚೀಟಿ: "ಇದು ವಿಷ ಕಣೆ. ನೆಟ್ಟ ಮೇಲೆ ಕೈ ತೊಳ್ಕೊ. ಮನೇಲಿ ಎಲ್ರಿಗೂ ಹೇಳು."

ನಾನು ಹೇಳಲಿಲ್ಲ. ಹೇಳಿದರೆ ಅತ್ತೆ ನೆಡಲು ಬಿಡುತ್ತಿರಲಿಲ್ಲ. ಚೀಟಿಯನ್ನು ಒಲೆಗೆ ಹಾಕಿದೆ.

"ಏನಮ್ಮ ಅದು, ನಿಮ್ಮಕ್ಕ ಕಳ್ಸಿರೋದು?" ಎಂದು ಅತ್ತೆ ಕೇಳಿದರು.

"ಗಡ್ಡ ಕಣತ್ತೆ."

"ಯಾರ್ದಮ್ಮ ಗಡ್ಡ? ನಿಮ್ಮ ಭಾವಂದಾ?"

ಇಬ್ಬರೂ ನಕ್ಕೆವು. ನಮ್ಮ ಮನೆಯಲ್ಲಿ ಮಾತೆಲ್ಲ ಕನ್ನಡ, ತರಕಾರಿಯ ಹೆಸರು ಮಾತ್ರ ತೆಲುಗು. ಆಲೂಗಡ್ಡೆಗೆ ಉರ್ಲಗಡ್ಡ, ಈರುಳ್ಳಿಗೆ ಎರ್ರಗಡ್ಡ, ಗೆಣಸಿಗೆ ಗೆಣಸುಗಡ್ಡ. ಆ ಮನೆಯಲ್ಲಿ ಗಡ್ಡ ಎಂದರೆ ತಿನ್ನುವ ಪದಾರ್ಥ. ಇದು ಹೂವಿನದು ಎಂದು ಒಂದು ಮಾತು ಸೇರಿಸಲು ನನಗೇನು ದಾಡಿಯಾಗಿತ್ತು?

ಬೇಲಿಯ ಪಕ್ಕ ಗುಂಡಿ ತೋಡಿ, ಮರಳು, ಹಳೆ ಗೊಬ್ಬರ ಬೆರೆಸಿದೆ. ನಾಲ್ಕು ಬೆರಳು ಆಳದಲ್ಲಿ ಗೆಡ್ಡೆಗಳನ್ನು ಅಡ್ಡಲಾಗಿ ಮಲಗಿಸಬೇಕು. ಮೊಳಕೆಯ ಕಣ್ಣು ಇರುವುದು ತುದಿಯಲ್ಲಿ. ಅದು ಮುರಿದರೆ ಚಿಗುರುವುದಿಲ್ಲ. ಬಸ್ಸಿನ ಕುಲುಕಾಟಕ್ಕೆ ಎರಡರ ಕಣ್ಣು ಹೋಗಿತ್ತು. ನಾಲ್ಕನ್ನು ನೆಟ್ಟು, ಆಮೇಲೆ ಎಸೆದರಾಯಿತು ಎಂದು ಉಳಿದೆರಡನ್ನು ಹಿತ್ತಿಲ ಜಗಲಿಯ ಮೇಲಿಟ್ಟೆ. ನನ್ನ ಕೈ ಮಾತ್ರ ಸೋಪು ಹಾಕಿ ಮೂರು ಸಲ ತೊಳೆದುಕೊಂಡೆ.

ಹಬ್ಬದ ಬೆಳಿಗ್ಗೆ ಅತ್ತೆ ಅವರೆಕಾಯಿ, ಕಡಲೆಕಾಯಿ, ಗೆಣಸು ಬೇಯಿಸಿದರು. ದಪ್ಪ ಗೆಣಸು ನನಗೂ ನನ್ನ ಗಂಡನಿಗೂ, ಸಣ್ಣವು, ಮುರುಕಲು ತಮಗೆ. ಅವರ ಪದ್ಧತಿಯೇ ಹಾಗೆ.

"ಈ ಗೆಣಸು ಯಾಕೋ ಕಹಿ ಐತೆ ಕಣಮ್ಮ" ಎಂದರು. ಬಿಸಾಡಲು ಮನಸ್ಸಾಗದೆ ಬೆಲ್ಲ ನಂಚಿಕೊಂಡು ತಿಂದರು. ಆ ಮಾತು ನನ್ನ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ.

ಮಧ್ಯಾಹ್ನ ಅತ್ತೆಗೆ ವಾಂತಿ ಶುರುವಾಯಿತು. ನಿಲ್ಲಲೇ ಇಲ್ಲ. ಬಟ್ಟೆ ಒಗೆಯಲು ಹಿತ್ತಿಲಿಗೆ ಹೋದವಳು ಜಗಲಿಯತ್ತ ನೋಡಿದೆ. ಖಾಲಿ. ಬೂದಿ ತೊಳೆದರೆ ಅವು ಥೇಟ್ ಸಣ್ಣ ಗೆಣಸಿನ ಹಾಗೇ ಇರುತ್ತಿದ್ದವು.

ಆಸ್ಪತ್ರೆಯಲ್ಲಿ ಡಾಕ್ಟರು, "ಏನು ತಿಂದಿದ್ರು?" ಎಂದು ಕೇಳಿದರು. ಗಂಡ ನನ್ನ ಮುಖ ನೋಡಿದರು.

"ಗೆಣಸು" ಅಂದೆ.

ವಿಷ ಎಂದು ಗೊತ್ತಿದ್ದೂ ಮುಚ್ಚಿಟ್ಟವಳು ನಾನು. ಬೇಕೆಂದೇ ಇಟ್ಟೆ ಎಂದುಬಿಟ್ಟರೆ? ಆ ಹೆದರಿಕೆಗೆ ಬಾಯಿ ಕಟ್ಟಿಹೋಯಿತು. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದುಕೊಳ್ಳುತ್ತಾ ಗ್ಲೂಕೋಸ್ ಬಾಟಲಿಯ ಪಕ್ಕ ಏಳು ದಿನ ಕೂತೆ. ಗಂಡ ಗೆಣಸಿನ ಗಾಡಿಯವನಿಗೆ ಬಾಯಿಗೆ ಬಂದಂತೆ ಬೈದು ಬಂದರು. ಆಗಲೂ ನಾನು ಉಸಿರೆತ್ತಲಿಲ್ಲ. ಅತ್ತೆ ಸತ್ತಿದ್ದರೆ ಕೊಂದವಳು ನಾನೇ.

ಅವರು ಬದುಕಿದರು. ಮನೆಗೆ ಬಂದ ಮೇಲೆ ತಲೆ ಬಾಚಿದರೆ ಕೂದಲು ಹಿಡಿಹಿಡಿಯಾಗಿ ಬಂತು. ಕೆಲವೇ ದಿನಗಳಲ್ಲಿ ತಲೆ ಬರಿದಾಯಿತು. ಅವರು ಮಲಗಿದ್ದಾಗ ನಾನು ಬೇಲಿಯ ಬುಡ ಅಗೆದು ನಾಲ್ಕೂ ಗೆಡ್ಡೆ ಕಿತ್ತು ಸುಟ್ಟೆ. ಕಣ್ಣಿದ್ದ ಒಂದು ತುಂಡು ಎಲ್ಲೋ ಮಣ್ಣಿನಲ್ಲೇ ಉಳಿದಿರಬೇಕು. ಮಳೆ ಬಿದ್ದದ್ದೇ ಚಿಗುರಿ, ಬೇಲಿ ಹತ್ತಿ, ಒಂದೇ ಒಂದು ಹೂ ಬಿಟ್ಟಿತು. ಅಷ್ಟು ಚೆಂದದ ಹೂ ಕಂಡು ನನಗೆ ಅಳು ಬಂತು.

ತಲೆಗೆ ಸೆರಗು ಹೊದ್ದ ಅತ್ತೆ ಅದನ್ನು ಬಹಳ ಹೊತ್ತು ನೋಡಿದರು.

"ಆವತ್ತು ಬಂದಿದ್ದು ಇದ್ರ ಗಡ್ಡನಾ?"

"ಹೂಂ ಅತ್ತೆ."

"ನಿಂಗೆ ಗೊತ್ತಿತ್ತಾ?"

ತಲೆ ತಗ್ಗಿಸಿದೆ. ಅವರು ಬೈಯಲಿಲ್ಲ. ಮಗನಿಗೂ ಹೇಳಲಿಲ್ಲ.

ಕೂದಲು ಮತ್ತೆ ಬಂತು. ಅತ್ತೆ ಇನ್ನೂ ಹನ್ನೊಂದು ವರ್ಷ ಬದುಕಿದ್ದರು, ನನ್ನೊಂದಿಗೆ ನಗುನಗುತ್ತಲೇ ಇದ್ದರು. ಆದರೆ ಅಂದಿನಿಂದ ನಾನು ಬಡಿಸಿದ ತಟ್ಟೆಗೆ ಅವರು ತಕ್ಷಣ ಕೈ ಹಾಕಿದ್ದೇ ಇಲ್ಲ. ಅದೇ ಪಾತ್ರೆಯಿಂದ ಬಡಿಸಿಕೊಂಡು ನಾನು ಎದುರಿಗೆ ಕೂತು ಒಂದು ತುತ್ತು ನುಂಗುವವರೆಗೆ, ಕೈ ಮಡಿಲಲ್ಲಿಟ್ಟುಕೊಂಡು ಕಾಯುತ್ತಿದ್ದರು.