ಕೈ ಇಟ್ಟು ನೋಡ್ರಿ

ಆಗ ಆಳಂದದ ನಮ್ಮ ಓಣಿಯಲ್ಲಿ ಎ.ಸಿ. ಇದ್ದ ಕಾರು ಒಂದೇ. ಪಕ್ಕದ ಮನೆಯ ತೊಗರಿ ವ್ಯಾಪಾರಿ ಕಾಕಾ ಅದನ್ನು ಸೊಲ್ಲಾಪುರದಿಂದ ಹಳೆಯದೇ ಕೊಂಡು ತಂದಿದ್ದರು. ಯಾರೇ ಹತ್ತಲಿ, ಗಾಳಿ ಬರುವ ಜಾಲರಿ ತೋರಿಸಿ, "ಕೈ ಇಟ್ಟು ನೋಡ್ರಿ" ಎನ್ನುವರು. ಒಳಗೆ ಫ್ಯಾನು ಭೋರ್ಗರೆಯುತ್ತಿತ್ತು. ಹೊರಬರುವ ಗಾಳಿಗೆ ಊದುಬತ್ತಿಯ ಹೊಗೆಯೂ ಅಲುಗುತ್ತಿರಲಿಲ್ಲ. ಆದರೂ ಅವರ ಮುಖ ನೋಡಿ ಎಲ್ಲರೂ "ಹೌದ್ರಿ, ಭಾರಿ ತಂಪ ಅದ" ಎನ್ನುತ್ತಿದ್ದರು.

ಒಂದು ಬೇಸಿಗೆಯಲ್ಲಿ ಜೇವರ್ಗಿಗೆ ಹೊರಟಾಗ ಅವರ ಪಕ್ಕ ಕೂತಿದ್ದೆ. ಕುತ್ತಿಗೆಗೆ ನಿಜವಾಗಿಯೂ ಗಾಳಿ ಸೋಕಿತು. ತಿರುಗಿದರೆ, ಹಿಂದಿನ ಸೀಟಿನಿಂದ ಅವರ ಹೆಂಡತಿ, ನಮ್ಮ ಕಾಕು, ಬೀಸಣಿಕೆಯಿಂದ ನಮ್ಮಿಬ್ಬರಿಗೂ ಬೀಸುತ್ತಿದ್ದರು. ಸುಮ್ಮನಿರು ಎಂದು ಕಣ್ಣಲ್ಲೇ ಹೇಳಿದರು.

"ಹೆಂಗದೋ ಗಾಳಿ?" ಎಂದರು ಕಾಕಾ.

"ಭಾರಿ ಅದ್ರಿ ಕಾಕಾ."

ಜೇವರ್ಗಿ ಮುಟ್ಟುತ್ತಲೇ ಅವರು ಕಾರನ್ನು ಗ್ಯಾರೇಜಿನ ಮುಂದೆ ನಿಲ್ಲಿಸಿದರು. "ಗಾಳೀನೇ ಬರಂಗಿಲ್ಲ, ನೋಡಪಾ" ಎಂದು ಮೆಕ್ಯಾನಿಕ್‌ಗೆ ಹೇಳಿದ್ದು ಕೇಳಿ ನಾನು ದಂಗಾದೆ. ಅವನು ಡ್ಯಾಶ್‌ಬೋರ್ಡಿನ ಕೆಳಗಿನ ಪೆಟ್ಟಿಗೆ ಬಿಚ್ಚಿದ. ತಂಪು ಮಾಡುವ ಕಾಯಿಲ್ ತುಂಬ ತೊಗರಿ ಹೊಟ್ಟು ಮೆತ್ತಿಕೊಂಡಿತ್ತು.

"ಇದ್ರಾಗೂ ಚೀಲ ಹೇರ್ತೀರೇನ್ರಿ ಸಾವಕಾರ್ರ?" ಎಂದು ನಕ್ಕ.

ತೊಳೆದು ಕೂಡಿಸಿದ ಮೇಲೆ ಬಂದ ಗಾಳಿಯ ರಭಸಕ್ಕೆ ಹಿಂದೆ ಕೂತ ಕಾಕುವಿನ ಸೆರಗು ತಲೆಯಿಂದ ಜಾರಿತು. ಕಾಕಾ ಈ ಸಲ ಕೈ ಇಟ್ಟು ನೋಡೆಂದು ಯಾರಿಗೂ ಹೇಳಲಿಲ್ಲ. ಮುಂದಿನ ಕನ್ನಡಿಯಲ್ಲಿ ಹೆಂಡತಿಯನ್ನು ನೋಡುತ್ತ ಅಂದರು:

"ಇನ್ನ ಆ ಬೀಸಣಿಕಿ ಕೆಳಗಿಡು. ದಿನಾ ಕೈ ಎಷ್ಟ ನೋಯ್ತಿತ್ತೋ ಏನೋ."